ಮೇಷ್ಟ್ರ ಶ್ರುತಿಯೋ, ಮಗುವಿನ ಶ್ರುತಿಯೋ

ನಮ್ಮ ಅಂಬ್ಲಿಗೊಳದ ಕಡೆ ಮಗುವನ್ನು ಸಂಗೀತಕ್ಕೆ ಹಾಕುವ ಮಾತು ಬಂದರೆ ಎಲ್ಲರೂ ಕೇಳುವುದು ಒಂದೇ: ‘ಮೇಷ್ಟ್ರು ಚೆನ್ನಾಗಿ ಹಾಡ್ತಾರಾ?’ ಅಣ್ಣನ ಮಗಳಿಗೆ ಪಾಠ ಹುಡುಕುತ್ತ ಶಿಕಾರಿಪುರ, ಸೊರಬ ಎರಡೂ ಕಡೆ ನಾಲ್ಕಾರು ತರಗತಿಗಳ ಹಿಂದಿನ ಸಾಲಲ್ಲಿ ಕೂತು ಬಂದವನು ನಾನು. ಕಲಿಸುವವರ ಗಂಟಲಿಗಿಂತ ಕಿವಿ ಮುಖ್ಯ ಎಂದು ಆಗ ಅನ್ನಿಸಿತು.

ಕಿವಿ ಇದೆಯೋ ಇಲ್ಲವೋ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಗಂಡಸರು ಸಾಮಾನ್ಯವಾಗಿ ಹಾರ್ಮೋನಿಯಂನ ಬಿಳಿ ಒಂದನ್ನೋ ಕಪ್ಪು ಒಂದನ್ನೋ ಷಡ್ಜವಾಗಿ ಹಿಡಿಯುತ್ತಾರೆ. ಅದು ಅವರ ಅನುಕೂಲ. ಎಂಟು ವರ್ಷದ ಮಗುವಿಗೆ ಹೆಚ್ಚಾಗಿ ಬಿಳಿ ಐದರ ಆಸುಪಾಸು ಬೇಕು. ಮೇಷ್ಟ್ರ ಶ್ರುತಿಗೇ ಕಟ್ಟಿಹಾಕಿದರೆ ಮಗು ಕೆಳಗೆ ಗೊಗ್ಗರಿಸುತ್ತದೆ, ಇಲ್ಲವೇ ತಾರ ಷಡ್ಜಕ್ಕೆ ಕತ್ತಿನ ನರ ಉಬ್ಬಿಸಿ ಕೂಗುತ್ತದೆ. ಆಮೇಲೆ ‘ನಿಮ್ಮ ಹುಡುಗಿಗೆ ಶ್ರುತಿಜ್ಞಾನವೇ ಇಲ್ಲ’ ಎಂಬ ತೀರ್ಪು ಬರುತ್ತದೆ. ಒಬ್ಬರು ಮಾತ್ರ ‘ನಿಂಗೆ ಬರೋ ಭಜನೆ ಒಂದು ಹೇಳು ಮರಿ’ ಎಂದು, ಅವಳು ಹಾಡುವಷ್ಟು ಹೊತ್ತೂ ಹಾರ್ಮೋನಿಯಂನ ಮನೆಯಿಂದ ಮನೆಗೆ ಬೆರಳು ಸರಿಸುತ್ತ ಅವಳ ‘ಸ’ ಎಲ್ಲಿದೆಯೆಂದು ಹುಡುಕಿದರು.

ನಮ್ಮದು ಗಡಿ ಸೀಮೆ. ಶಿಕಾರಿಪುರ ದಾಟಿದರೆ ಹಿರೇಕೆರೂರು, ಆನವಟ್ಟಿ ದಾಟಿದರೆ ಹಾನಗಲ್ಲು. ಅಲ್ಲಿಂದಾಚೆ ಧಾರವಾಡ, ಗದುಗಿನ ಹಿಂದೂಸ್ತಾನಿ ಗಾಳಿ. ಈಚೆ ಕರ್ನಾಟಕ ಸಂಗೀತದವರು ಪುರಂದರದಾಸರ ಹೆಸರಿನಲ್ಲಿ ನಡೆದು ಬಂದ ಕ್ರಮ ಹಿಡಿಯುತ್ತಾರೆ: ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ ವರಸೆ, ಅಲಂಕಾರ, ಆಮೇಲೆ ಮಲಹರಿಯ ಪಿಳ್ಳಾರಿ ಗೀತೆ. ಈ ಆಯ್ಕೆಯಲ್ಲಿ ಜಾಣತನವಿದೆ. ಸ-ರಿ-ಗ-ಮ ನಡುವಿನ ಅಂತರಗಳೇ ಪ-ದ-ನಿ-ಸದಲ್ಲೂ ಮರುಕಳಿಸುವುದರಿಂದ, ಕೆಳಗಿನ ಅರ್ಧ ಕೂತರೆ ಮೇಲಿನದ್ದಕ್ಕೆ ದಾರಿ ಸಿಕ್ಕಿರುತ್ತದೆ. ಹಿಂದೂಸ್ತಾನಿಯವರು ಬಿಲಾವಲ್‌ನ ಶುದ್ಧ ಸ್ವರಗಳಿಂದ ಹೊರಡುತ್ತಾರೆ. ಎರಡೂ ಆದೀತು. ಆದರೆ ‘ಇದರಿಂದಲೇ ಯಾಕೆ?’ ಎಂದರೆ ‘ನಮಗೂ ಹಂಗೇ ಹೇಳಿದ್ದು’ ಎನ್ನುವವರ ಹತ್ತಿರ ಮಗುವನ್ನು ಬಿಡಲು ನನಗೆ ಮನಸ್ಸಿಲ್ಲ.

ಪಂಚಾಕ್ಷರ ಗವಾಯಿಗಳು (1892–1944) ಇದೇ ಹಾನಗಲ್ಲು ಸೀಮೆಯವರು. ಎರಡೂ ಪದ್ಧತಿ ಕಲಿತರು, ತಾವೂ ಅಂಧರಾಗಿದ್ದು ಅಂಧ ಮಕ್ಕಳಿಗೆ ಅನ್ನ ಹಾಕಿ ಪಾಠ ಹೇಳಿದರು; ಪುಟ್ಟರಾಜ ಗವಾಯಿಗಳು (1914–2010) ಆ ಪಂಕ್ತಿಯಲ್ಲಿ ಬೆಳೆದವರು. ಅಲ್ಲಿ ಪಾಠ ಕಿವಿಯಿಂದ ಕಿವಿಗೇ ದಾಟಬೇಕಿತ್ತು. ನಾನು ನೋಡಿದ ಒಂದು ತರಗತಿಯಲ್ಲಿ ಗಂಟೆಯ ಮುಕ್ಕಾಲು ಪಾಲು ನೋಟ್‌ಬುಕ್ಕಿನಲ್ಲಿ ಸ್ವರ ಬರೆಸುವುದಕ್ಕೇ ಹೋಯಿತು. ಗೋಡೆಯ ಮೇಲೆ ಜೂನಿಯರ್ ಪರೀಕ್ಷೆ ಪಾಸಾದವರ ಫೋಟೋಗಳೇನೋ ಸಾಲಾಗಿದ್ದವು!

ತಾಳದ ವಿಷಯ ಇನ್ನೂ ಬೇಸರ. ಹರಿಹರನ ರಗಳೆಯಲ್ಲಿ ಅಲ್ಲಮ ಮದ್ದಳೆ ನುಡಿಸುವ ಬಳ್ಳಿಗಾವಿ ಇರುವುದು ನಮ್ಮ ಶಿಕಾರಿಪುರ ತಾಲ್ಲೂಕಿನಲ್ಲೇ. ಹಬ್ಬದಲ್ಲಿ ಡೊಳ್ಳಿನ ಹಿಂದೆ ಓಡಿ ಬೆಳೆದ ನಮ್ಮ ಮಕ್ಕಳಿಗೆ ಲಯ ಕಾಲಲ್ಲಿ ಮೊದಲೇ ಇರುತ್ತದೆ. ಅಂಥವರನ್ನು ಚಕ್ಕಳಮಕ್ಕಳ ಕೂರಿಸಿ, ಆದಿತಾಳದ ಎಂಟು ಎಣಿಕೆ ತಪ್ಪಿತೆಂದು ತೊಡೆ ಚಿವುಟುವುದೇಕೆ? ಎಬ್ಬಿಸಿ ನಾಲ್ಕು ಹೆಜ್ಜೆ ಹಾಕಿಸಿ ನೋಡಲಿ.

ಬೆರಳು ಸರಿಸಿ ಹುಡುಕಿದ ಆ ಮೇಷ್ಟ್ರಿಗೇ ಒಪ್ಪಿಸಿದೆವು. ಅವರೇನೂ ಕುಂದಿಲ್ಲದವರಲ್ಲ. ತಾರಸ್ಥಾಯಿಯಲ್ಲಿ ದನಿ ಸೀಳುತ್ತದೆ, ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ವಾರ್ಷಿಕೋತ್ಸವಕ್ಕೆ ಹಾಡು ಕಲಿಸಿ ಎಂದರೆ ಮುಖ ಗಂಟು ಹಾಕುತ್ತಾರೆ. ‘ಆರು ತಿಂಗಳಾಯ್ತು, ನೆಟ್ಟಗೆ ಒಂದು ಹಾಡಿಲ್ಲ’ ಎಂದು ಅಣ್ಣ ಗೊಣಗುತ್ತಲೇ ಇದ್ದಾನೆ. ಮೊನ್ನೆ ಸಂಜೆ ಗದ್ದೆ ಬದುವಿನ ಮೇಲೆ ನನ್ನ ಜೊತೆ ಬರುತ್ತಿದ್ದವಳು ಗಕ್ಕನೆ ನಿಂತು, ಕಣ್ಣು ಮುಚ್ಚಿ ಏನೋ ಗುನುಗಿದಳು. ‘ಚಿಕ್ಕಪ್ಪಾ, ನಮ್ಮ ಪಂಪ್‌ಸೆಟ್ಟು ನನ್ನ ಸ-ಗಿಂತ ಒಂಚೂರು ಕೆಳಗಿದೆ.’