ಮಾಲ್‌ನಲ್ಲಿ ಸಿಗುವ ಕಪ್ಪು

ಕೆಂಟ್‌ನ ನಮ್ಮ ಮನೆಯಲ್ಲಿ ದೀಪಾವಳಿ ಪೂಜೆ. ಅಕ್ಕನ ಮಗಳು ಮಹಡಿಯಿಂದ ಇಳಿದು ಬಂದಳು: ಕಪ್ಪು ಲೇಸಿನ ಗೌನು, ಕಪ್ಪು ಲಿಪ್‌ಸ್ಟಿಕ್, ಕಣ್ಣ ಸುತ್ತ ದಪ್ಪ ಕಾಡಿಗೆ. ಧಾರವಾಡದಿಂದ ಬಂದಿದ್ದ ನನ್ನ ಅಮ್ಮ ಕೇಳಿದ್ರು, "ಹಬ್ಬದ ದಿನಾ ಕರಿ ಅರಿವಿ ಯಾಕವಾ?" ಅವಳು "ಇದು ಗಾತ್, ಅಜ್ಜಿ" ಅಂದಳು. ಇಬ್ಬರೂ ನನ್ನ ಮುಖ ನೋಡಿದ್ರು. ಅವತ್ತು ಹೊಳೆಯದ ಉತ್ತರವನ್ನ ಈಗ ನಿಮಗೆ ಬರೀತಿದೀನಿ.

ಗಾತ್ ಹುಟ್ಟಿದ್ದು ಬಟ್ಟೆ ಅಂಗಡಿಯಲ್ಲಲ್ಲ, ಸಂಗೀತದಲ್ಲಿ. 1979ರಲ್ಲಿ ಇಂಗ್ಲೆಂಡಿನ ಬೌಹೌಸ್ ಬ್ಯಾಂಡ್ ಡ್ರಾಕುಲಾ ನಟ ಬೆಲಾ ಲುಗೋಸಿಯ ಹೆಸರಲ್ಲಿ ಒಂಬತ್ತು ನಿಮಿಷ ದಾಟುವ ಹಾಡು ತಂದಿತು. 1982ರಲ್ಲಿ ಲಂಡನ್ನಿನ ಸೋಹೋದಲ್ಲಿ ಬ್ಯಾಟ್‌ಕೇವ್ ಕ್ಲಬ್ ಶುರುವಾಯ್ತು. ಅಲ್ಲಿಗೆ ಬರ್ತಿದ್ದವರು ಹಳೇ ಬಟ್ಟೆ ಕೊಂಡು, ಹರಿದು, ಹೊಲಿದು ತಮ್ಮ ವೇಷ ತಾವೇ ಮಾಡ್ಕೋತಿದ್ರು. ವಿಕ್ಟೋರಿಯಾ ಕಾಲದ ಸೂತಕದ ಉಡುಪನ್ನ ಸಾವಿಲ್ಲದ ದಿನವೂ ಉಡೋದು, ಅದೇ ಅವರ ತಕರಾರು.

ಅಮೆರಿಕದಲ್ಲಿ ಇದನ್ನ ಮಾಲ್‌ಗೆ ತಂದದ್ದು ಹಾಟ್ ಟಾಪಿಕ್. 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಈ ಅಂಗಡಿ 1996ರಲ್ಲಿ ಷೇರು ಮಾರುಕಟ್ಟೆಗೆ ಬಂತು. 2013ರಲ್ಲಿ ಸುಮಾರು 60 ಕೋಟಿ ಡಾಲರ್‌ಗೆ ಮಾರಾಟವಾಯ್ತು. ನಮ್ಮ ಸಿಯಾಟಲ್‌ನ ಗ್ರಂಜ್‌ಗೂ ಹೀಗೇ ಆಯ್ತು. ಇಲ್ಲಿಯ ಚಳಿಗೆ ಹಾಕ್ತಿದ್ದ ಫ್ಲಾನಲ್ ಅಂಗಿಯನ್ನ 1992ರಲ್ಲಿ ಮಾರ್ಕ್ ಜೇಕಬ್ಸ್ ರೇಷ್ಮೆಯಲ್ಲಿ ಮಾಡಿ ನ್ಯೂಯಾರ್ಕಿನ ವೇದಿಕೆಗೆ ಹತ್ತಿಸಿದರು.

ಮಾರಾಟ ಆಯ್ತು ಅಂತ ನನಗೆ ಸಿಟ್ಟಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ 21 ತುಂಬದವರನ್ನ ಬಾರ್ ಒಳಗೆ ಬಿಡಲ್ಲ. ಹದಿನೈದರ ಹುಡುಗಿಗೆ ತೆರೆದಿರೋ ಬಾಗಿಲು ಮಾಲ್ ಒಂದೇ. ತನ್ನಂಥವರು ಇದ್ದಾರೆ ಅಂತ ಅವಳಿಗೆ ಗೊತ್ತಾದದ್ದೂ ಅಲ್ಲೇ.

ನನ್ನ ತಕರಾರು ಬೇರೆ. 2022ರ ನೆಟ್‌ಫ್ಲಿಕ್ಸ್ ಸರಣಿ 'ವೆನ್ಸ್‌ಡೇ'ಯ ಕುಣಿತ ನೆನಪಿದೆಯಾ? ಎಂಬತ್ತರ ದಶಕದ ಗಾತ್ ಕ್ಲಬ್ಬುಗಳ ಹಳೇ ದೃಶ್ಯಗಳು, ಗಾಯಕಿ ಸೂಜಿ ಸೂ, ಇವರಿಂದೆಲ್ಲ ಪಡೆದೆ ಅಂತ ನಟಿ ಜೆನ್ನಾ ಒರ್ಟೇಗಾ ತಾವೇ ಹೇಳಿದ್ರು. ಸರಣಿಯಲ್ಲಿ ಆ ಕುಣಿತಕ್ಕೆ ಇದ್ದದ್ದು ದ ಕ್ರ್ಯಾಂಪ್ಸ್ ಬ್ಯಾಂಡಿನ ಹಾಡು. ಟಿಕ್‌ಟಾಕ್‌ನಲ್ಲಿ ಕುಣಿತ ಹರಡಿದಾಗ ಅದಕ್ಕೆ ಅಂಟಿಕೊಂಡದ್ದು ಲೇಡಿ ಗಾಗಾ ಅವರ 2011ರ ಹಾಡು. ವೇಷ ಊರೆಲ್ಲ ಸುತ್ತಿತು, ಸಂಗೀತ ದಾರಿಯಲ್ಲೇ ಇಳೀತು.

ನಾನು ಡೇಟಾ ಸೈನ್ಸ್ ಕೆಲಸದವನು, ಇದರಲ್ಲಿ ನನಗೆ ಆಶ್ಚರ್ಯವಿಲ್ಲ. ಈ ಬೂಟು ಕೊಂಡವರು ಆ ಕಾಲರ್ ಕೂಡ ಕೊಂಡರು: ಶಿಫಾರಸು ಮಾಡೋ ವ್ಯವಸ್ಥೆಗೆ ಇಷ್ಟು ಸಾಕು. ಯಾವುದರ ಜೊತೆ ಯಾವುದು ಅಂತ ಅದಕ್ಕೆ ಗೊತ್ತು. ಯಾಕೆ ಅಂತ ಗೊತ್ತಿಲ್ಲ.

ಆ 'ಯಾಕೆ'ಗೆ ಕೆಲವರು ದೊಡ್ಡ ಬೆಲೆ ಕೊಟ್ಟಿದ್ದಾರೆ. 2007ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬೇಕಪ್ ಪಟ್ಟಣದ ಪಾರ್ಕಿನಲ್ಲಿ ಸೋಫಿ ಲ್ಯಾಂಕಾಸ್ಟರ್ ಅನ್ನೋ ಇಪ್ಪತ್ತರ ಯುವತಿಯನ್ನ ಹುಡುಗರ ಗುಂಪೊಂದು ಥಳಿಸಿತು. ಅವಳು ಗಾತ್ ವೇಷದಲ್ಲಿದ್ದಳು, ಕಾರಣ ಅಷ್ಟೇ. ಕೆಲವೇ ದಿನಗಳಲ್ಲಿ ತೀರಿಕೊಂಡಳು. 2013ರಲ್ಲಿ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು ಇಂಥ ಹಲ್ಲೆಗಳನ್ನ ದ್ವೇಷದ ಅಪರಾಧ ಅಂತ ದಾಖಲಿಸೋಕೆ ಶುರುಮಾಡಿದ್ರು. ಕಪ್ಪು ಬಟ್ಟೆ ಎಲ್ಲರದ್ದಾದ್ರೆ ಹೀಗೆ ಹೊಡೆಯೋರು ಕಡಿಮೆ ಆಗಬಹುದು. ಅದು ಲಾಭವೇ. ಆದರೆ ಸೋಫಿಯ ಹೆಸರೇ ಗೊತ್ತಿಲ್ಲದೆ ಆ ವೇಷ ತೊಟ್ಟರೆ ಏನೋ ಕಳೆದುಹೋಗತ್ತೆ.

ಪೂಜೆ ಮುಗಿದ ಮೇಲೆ ಅಮ್ಮನೇ ಮಾತು ತೆಗೆದ್ರು. ಅವರ ಟ್ರಂಕಿನಲ್ಲೂ ಒಂದು ಕಪ್ಪು ಸೀರೆ ಇದೆ, ಕೆಂಪು ಅಂಚಿನ ಚಂದ್ರಕಾಳಿ. ಸಂಕ್ರಾಂತಿಗೆ ಉಡ್ತಿದ್ರಂತೆ. ಹಬ್ಬಕ್ಕೆ ಕಪ್ಪು ಆಗಲ್ಲ ಅಂದವರ ಹತ್ತಿರವೇ ಹಬ್ಬದ ಕಪ್ಪು! ಅಕ್ಕನ ಮಗಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಕೇಳಿದಳು, "ಸಂಕ್ರಾಂತಿಗೆ ಮಾತ್ರ ಯಾಕೆ?"

ಅಮ್ಮ ಹೇಳಿದ್ರು: ಚಳಿಗಾಲ, ಕಪ್ಪು ಮೈ ಬೆಚ್ಚಗಿಡತ್ತೆ.

ನಿಮ್ಮ ಮನೆಯ ಮಕ್ಕಳೂ ಕಪ್ಪು ಹಾಕ್ಕೊಂಡು ಇಳಿದು ಬಂದರೆ ಬೈಬೇಡಿ, ಸುಮ್ಮನೆ ಹೊಗಳಲೂಬೇಡಿ. ಯಾವ ಹಾಡು ಕೇಳ್ತೀಯ ಅಂತ ಕೇಳಿ. ಉತ್ತರ ಇಲ್ಲದಿದ್ರೆ ಇಬ್ಬರೂ ಕೂತು ಬೌಹೌಸ್ ಕೇಳಿ. ಒಂಬತ್ತು ನಿಮಿಷದ ಕೆಲಸ.