ಎಳೆಯುವ ಕೆಲಸಕ್ಕೆ ರೆಡ್‌ಮಂಡ್ ಕೊಟ್ಟ ಎರಡು ಉತ್ತರ

ವೆಬ್ ಪುಟದ ಮೇಲಿರುವ ಚಿತ್ರವನ್ನೋ ಅಕ್ಷರವನ್ನೋ ಹಿಡಿದು ಎಳೆಯುವಂತೆ ಮಾಡಲು, ಯಾವ ಲೈಬ್ರರಿಯ ಹಂಗೂ ಇಲ್ಲದೆ ಬರಿ ಜಾವಾಸ್ಕ್ರಿಪ್ಟ್ ಬರೆಯುವವನ ಮುಂದೆ ಇಂದು ಮುಖ್ಯವಾಗಿ ಎರಡು ದಾರಿಗಳಿವೆ. ಎರಡೂ ಹೊರಟಿದ್ದು ಒಂದೇ ಊರಿನಿಂದ. ಸಿಯಾಟಲ್ ಬಿಟ್ಟು ಲೇಕ್ ವಾಷಿಂಗ್ಟನ್ ಸರೋವರದ ಸೇತುವೆ ದಾಟಿದರೆ ಸಿಗುವ ರೆಡ್‌ಮಂಡ್, ಅಂದರೆ ಮೈಕ್ರೋಸಾಫ್ಟ್‌ನ ಊರು. ಹಿರಿಯದು 1999ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ ಬಂದ ಡ್ರ್ಯಾಗ್ ಅಂಡ್ ಡ್ರಾಪ್. ಕಿರಿಯದು 2012ರಲ್ಲಿ ಅದೇ ಬ್ರೌಸರಿನ ಹತ್ತನೇ ಆವೃತ್ತಿಯಲ್ಲಿ ಕಾಣಿಸಿಕೊಂಡ ಪಾಯಿಂಟರ್ ಈವೆಂಟ್ಸ್. ಎಕ್ಸ್‌ಪ್ಲೋರರ್ 2022ರಲ್ಲಿ ನಿವೃತ್ತಿಯಾಯಿತು. ಅದು ಬಿಟ್ಟುಹೋದ ಈ ಎರಡು ಮಾತ್ರ ಕ್ರೋಮ್, ಫೈರ್‌ಫಾಕ್ಸ್, ಸಫಾರಿಗಳಲ್ಲಿ ಇನ್ನೂ ನೆಲೆ ನಿಂತಿವೆ.

ಹೋಲಿಸಿ ನೋಡಲು ಒಂದು ಪುಟ್ಟ ಆಟ ಸಾಕು. ರೆಡ್‌ಮಂಡ್‌ನ ನೆರೆಯ ಬೆಲ್‌ವ್ಯೂ, ಸಮಾಮಿಶ್ ಕಡೆಯ ಕನ್ನಡ ಮನೆಗಳ ಮಕ್ಕಳು ವಾರಾಂತ್ಯದಲ್ಲಿ ಅಕ್ಷರ ಕಲಿಯುತ್ತಾರಲ್ಲ, ಅವರಿಗಾಗಿ ಎಂದಿಟ್ಟುಕೊಳ್ಳಿ. ಮೇಲೆ ಕಮಲದ ಚಿತ್ರ, ಅದರ ಕೆಳಗೆ ಮೂರು ಖಾಲಿ ಮನೆ, ಇನ್ನೂ ಕೆಳಗೆ ಕಲಸಿಟ್ಟ ಅಕ್ಷರದ ಬಿಲ್ಲೆಗಳು. ಮಗು ‘ಕ’, ‘ಮ’, ‘ಲ’ಗಳನ್ನು ಎಳೆದು ತಂದು ಮನೆ ತುಂಬಬೇಕು.

ಹಿರಿಯ ದಾರಿ ಹಿಡಿದರೆ ಬಿಲ್ಲೆಗೆ ‘ಡ್ರ್ಯಾಗಬಲ್’ ಎಂಬ ಗುಣ ಕೊಡಬೇಕು. ಬರೀ ಹೆಸರು ಬರೆದರೆ ನಡೆಯದು, ‘ಟ್ರೂ’ ಎಂದು ಸೇರಿಸಲೇಬೇಕು. ಎಚ್‌ಟಿಎಂಎಲ್‌ನ ಇತರ ಹೌದು-ಇಲ್ಲ ಗುಣಗಳ ರೂಢಿಗೆ ಇದು ಹೊರತು. ಆಮೇಲೆ ಮಗು ಎಳೆಯುತ್ತದೆ. ಬಿಲ್ಲೆ ಮಾತ್ರ ಕದಲುವುದಿಲ್ಲ! ಅದರ ಮಸುಕಾದ ಪಡಿಯಚ್ಚೊಂದು ಮೌಸಿನ ಬೆನ್ನು ಹತ್ತಿ ಹೋಗುತ್ತದೆ. ಖಾಲಿ ಮನೆಯ ಮೇಲೆ ಬಿಟ್ಟರೂ ಏನೂ ಆಗದು. ಆ ಮನೆ ‘ಡ್ರ್ಯಾಗ್‌ಓವರ್’ ಈವೆಂಟ್ ಬಂದಾಗ ಅದನ್ನು ‘ಪ್ರಿವೆಂಟ್‌ಡೀಫಾಲ್ಟ್’ ಎಂದು ತಡೆದರೆ ಮಾತ್ರ ಬಿಲ್ಲೆ ಬೀಳಲು ಅನುಮತಿ. ಒಪ್ಪಿಗೆ ಸೂಚಿಸಲು ತಡೆಯಬೇಕು ಎಂಬ ಈ ತಲೆಕೆಳಗಾದ ನಿಯಮ ಹೊಸಬರ ಎಷ್ಟು ಸಂಜೆಗಳನ್ನು ನುಂಗಿದೆಯೋ!

ಇದಕ್ಕೊಂದು ಹಿನ್ನೆಲೆ ಇದೆ. ವಿಂಡೋಸ್‌ನೊಳಗೆ ಓಎಲ್‌ಇ ಎಂಬ ಏರ್ಪಾಟು ಮೊದಲೇ ಇತ್ತು: ಒಂದು ಪ್ರೋಗ್ರಾಮಿನಿಂದ ಮಾಹಿತಿ ಎತ್ತಿ ಇನ್ನೊಂದರಲ್ಲಿ ಹಾಕುವುದಕ್ಕೆ. ಒಳಗೆ ಬಂತು, ಮೇಲೆ ಸುಳಿಯಿತು, ಹೊರಗೆ ಹೋಯಿತು, ಬಿತ್ತು ಎಂಬ ನಾಲ್ಕು ಹಂತಗಳು. ನಕಲು, ಸ್ಥಳಾಂತರ, ಕೊಂಡಿ ಎಂಬ ಮೂರು ಪರಿಣಾಮಗಳು. ಬ್ರೌಸರಿನ ಡ್ರ್ಯಾಗ್ ಅಂಡ್ ಡ್ರಾಪ್‌ನಲ್ಲಿ ಇವೆಲ್ಲ ಹೆಚ್ಚುಕಡಿಮೆ ಅದೇ ಹೆಸರಿನಲ್ಲಿ ಇವೆ. ಅಪರಿಚಿತ ಪ್ರೋಗ್ರಾಮಿನಿಂದ ಬರುವ ಸರಕಿಗೆ ಬಾಗಿಲು ಮುಚ್ಚಿಯೇ ಇರಬೇಕೆಂಬುದು ಅಲ್ಲಿ ವಿವೇಕ. ಒಂದೇ ಪುಟದೊಳಗೆ ‘ಕ’ ಅಕ್ಷರ ಒಂದಿಷ್ಟು ಮೇಲೆ ಸರಿಯಬೇಕಾದಲ್ಲಿ ಅದು ಅನಗತ್ಯ ಕಾವಲು. ಆ್ಯಪಲ್‌ನ ಸಫಾರಿಯೂ ಮೈಕ್ರೋಸಾಫ್ಟ್‌ನ ಈ ಏರ್ಪಾಟನ್ನೇ ಅನುಸರಿಸಿತು. ಎಚ್‌ಟಿಎಂಎಲ್5ರ ಸಂಪಾದಕ ಇಯಾನ್ ಹಿಕ್ಸನ್ ಆಗಲೇ ಚಾಲ್ತಿಯಲ್ಲಿದ್ದುದನ್ನು ಬರೆದು ಮಾನಕಕ್ಕೆ ಸೇರಿಸಿದರು. 2009ರಲ್ಲಿ ಡಚ್ ಡೆವಲಪರ್ ಪೀಟರ್-ಪೌಲ್ ಕೋಖ್ ಇದನ್ನು ಅನಾಹುತವೆಂದೇ ಜರೆದರು. ಜರೆದದ್ದು ನ್ಯಾಯವೇ, ಆದರೆ ಅರ್ಧ. ಡೆಸ್ಕ್‌ಟಾಪಿನ ಫೋಟೋವನ್ನು ಎಳೆದು ಮೇಲ್‌ಗೆ ಲಗತ್ತಿಸುವುದು, ಒಂದು ಕಿಟಕಿಯ ಪಠ್ಯವನ್ನು ಇನ್ನೊಂದಕ್ಕೆ ಸಾಗಿಸುವುದು ಇಂದಿಗೂ ಹಿರಿಯದರಿಂದಲೇ ಸಾಧ್ಯ. ಅದು ಸಾಗಣೆಗೆ ಹುಟ್ಟಿದ್ದು. ನಾವು ಅದನ್ನು ಚಲನೆಗೆ ದುಡಿಸಿಕೊಂಡೆವು.

ಫೋನು ಬಂದ ಮೇಲೆ ಹಿರಿಯದು ಕೈಕೊಟ್ಟಿತು. ಮೊಬೈಲ್ ಬ್ರೌಸರುಗಳಲ್ಲಿ ವರ್ಷಗಟ್ಟಲೆ ಅದು ಓಡಲೇ ಇಲ್ಲ. ಓಡುವ ಕಡೆಯೂ ಬೆರಳು ಒತ್ತಿ ಹಿಡಿದು ಕಾಯಬೇಕು. ಆರು ವರ್ಷದ ಮಗು ಕಾಯುತ್ತದೆಯೇ?

ಕಿರಿಯದು ಹುಟ್ಟಿದ್ದು ಈ ಒತ್ತಡದಲ್ಲಿ. 2012ರಲ್ಲಿ ವಿಂಡೋಸ್ 8 ಮತ್ತು ಸರ್ಫೇಸ್ ಟ್ಯಾಬ್ಲೆಟ್ ಹೊರತಂದ ಮೈಕ್ರೋಸಾಫ್ಟ್‌ಗೆ ಮೌಸು, ಬೆರಳು, ಪೆನ್ನು ಮೂರಕ್ಕೂ ಒಂದೇ ಸಂಹಿತೆ ಬೇಕಿತ್ತು. ಅದೇ ವರ್ಷ ಪ್ರಸ್ತಾವ ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯು3ಸಿಗೆ ಹೋಯಿತು, 2015ರ ಫೆಬ್ರವರಿಯಲ್ಲಿ ಮಾನಕವಾಯಿತು. ಆ್ಯಪಲ್ ಒಲ್ಲೆನೆನ್ನುತ್ತಲೇ ಇದ್ದು 2019ರ ಸಫಾರಿ 13ರಲ್ಲಿ ಒಪ್ಪಿಕೊಂಡಿತು.

ನಮ್ಮ ಬಿಲ್ಲೆಗೆ ಈಗ ಮೂರು ಕೇಳುಗರು ಸಾಕು. ‘ಪಾಯಿಂಟರ್‌ಡೌನ್’ ಬಂದಾಗ ಬೆರಳು ಬಿಲ್ಲೆಯ ಮೂಲೆಯಿಂದ ಎಷ್ಟು ದೂರದಲ್ಲಿ ಮುಟ್ಟಿತೆಂಬ ಅಂತರ ಬರೆದಿಟ್ಟುಕೊಳ್ಳಬೇಕು. ಮರೆತರೆ ಮುಟ್ಟಿದೊಡನೆ ಬಿಲ್ಲೆ ಛಂಗನೆ ಜಿಗಿಯುತ್ತದೆ. ‘ಪಾಯಿಂಟರ್‌ಮೂವ್’ನಲ್ಲಿ ಆ ಅಂತರ ಕಳೆದು ಬಿಲ್ಲೆಯನ್ನು ಸರಿಸಬೇಕು. ‘ಪಾಯಿಂಟರ್‌ಅಪ್’ನಲ್ಲಿ ಬಿಡಬೇಕು. ಇದರ ಜೀವಾಳ ‘ಸೆಟ್‌ಪಾಯಿಂಟರ್‌ಕ್ಯಾಪ್ಚರ್’ ಎಂಬ ಒಂದು ಸಾಲು. ಕೈ ಬೇಗ ಓಡಿ ಬಿಲ್ಲೆಯಿಂದಾಚೆ ಜಾರಿದರೂ ಈವೆಂಟುಗಳು ಬಿಲ್ಲೆಗೇ ಬರುತ್ತವೆ. ಹಿಂದೆ ಇದಕ್ಕಾಗಿ ಇಡೀ ಡಾಕ್ಯುಮೆಂಟಿಗೆ ಕಿವಿ ಕಟ್ಟಬೇಕಿತ್ತು. ಜೊತೆಗೆ ಸಿಎಸ್‌ಎಸ್‌ನಲ್ಲಿ ‘ಟಚ್-ಆ್ಯಕ್ಷನ್: ನನ್’ ಇರಲೇಬೇಕು. ಇಲ್ಲದಿದ್ದರೆ ಬೆರಳಿನ ಚಲನೆಯನ್ನು ಬ್ರೌಸರು ಸ್ಕ್ರಾಲ್ ಎಂದುಕೊಂಡು ‘ಪಾಯಿಂಟರ್‌ಕ್ಯಾನ್ಸಲ್’ ಕಳಿಸಿ ಕೈ ತೊಳೆದುಕೊಳ್ಳುತ್ತದೆ.

ಇದನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಬಿಲ್ಲೆ ಯಾವ ಮನೆಯ ಮೇಲೆ ಬಿತ್ತೆಂಬುದು ಕಿರಿಯದಕ್ಕೆ ತಿಳಿಯದು. ‘ಎಲಿಮೆಂಟ್‌ಫ್ರಮ್‌ಪಾಯಿಂಟ್’ ಎಂದು ಕೇಳಿದರೆ ಬೆರಳಿನಡಿ ಇರುವ ಬಿಲ್ಲೆಯನ್ನೇ ತೋರಿಸುತ್ತದೆ. ಅದನ್ನು ಆ ಕ್ಷಣಕ್ಕೆ ಲೆಕ್ಕದಿಂದ ಹೊರಗಿಟ್ಟು ಮತ್ತೆ ಕೇಳಬೇಕು. ಇನ್ನೂ ತಮಾಷೆಯೆಂದರೆ, ಬಿಲ್ಲೆಯ ಮೇಲೆ ಅಕ್ಷರದ ಬದಲು ಚಿತ್ರವಿದ್ದರೆ ಹಿರಿಯದು ಎದ್ದು ಕೂರುತ್ತದೆ. ಚಿತ್ರಗಳೂ ಕೊಂಡಿಗಳೂ ಯಾರೂ ಹೇಳದೆಯೇ ‘ಡ್ರ್ಯಾಗಬಲ್’. ಮೌಸಿನಿಂದ ಎಳೆಯತೊಡಗಿದ ಕೂಡಲೇ ಹಳೆಯ ಪಡಿಯಚ್ಚು ಮೇಲೆದ್ದು, ಹೊಸ ಎಳೆತ ಅರ್ಧಕ್ಕೇ ರದ್ದಾಗುತ್ತದೆ. ‘ಡ್ರ್ಯಾಗ್‌ಸ್ಟಾರ್ಟ್’ ಅನ್ನು ಬೇರೆಯಾಗಿ ತಡೆಯಬೇಕು. ಇಷ್ಟಾದರೂ ಒಂದೇ ಪುಟದೊಳಗಿನ ಕೆಲಸಕ್ಕೆ ನನ್ನ ಮತ ಕಿರಿಯದಕ್ಕೇ. ಇದಕ್ಕೆಂದು ದೊಡ್ಡ ಲೈಬ್ರರಿ ಹೇರಿಕೊಳ್ಳುವುದು ದುಂದು.

ಈ ಎರಡೂ ದಾರಿಗಳು ಕೈಬಿಟ್ಟ ಜನರಿದ್ದಾರೆ. ಆರು ತಿಂಗಳ ಮಟ್ಟಿಗೆ ಮಗಳ ಮನೆಗೆ ಬಂದ ಅಜ್ಜಿ ಮೊಮ್ಮಗನ ಜೊತೆ ಈ ಆಟಕ್ಕೆ ಕೂತರೆ, ನಡುಗುವ ಬೆರಳನ್ನು ಗಾಜಿನಿಂದ ಎತ್ತದೆ ಬಿಲ್ಲೆಯನ್ನು ಮನೆಯವರೆಗೆ ಒಯ್ಯುವುದು ಸುಲಭವಲ್ಲ. ವೆಬ್ ಎಲ್ಲರಿಗೂ ಎಟುಕಲೆಂದು ಇರುವ ಮಾರ್ಗಸೂಚಿ, 2023ರ ಅಕ್ಟೋಬರಿನಲ್ಲಿ ಬಂದ ಡಬ್ಲ್ಯುಸಿಎಜಿ 2.2ರ 2.5.7ನೇ ಅಂಶ, ಎಳೆದು ಮಾಡುವ ಕೆಲಸ ಎಳೆಯದೆಯೂ ಒಂದೇ ಬೆರಳಿನಿಂದ ಆಗಬೇಕೆನ್ನುತ್ತದೆ. ಕೀಬೋರ್ಡಿನ ದಾರಿ ಇದೆ ಎಂಬ ಸಬೂಬು ಇದಕ್ಕೆ ಸಾಲದು. ಬಿಲ್ಲೆ ಮುಟ್ಟಿ, ಆಮೇಲೆ ಮನೆ ಮುಟ್ಟಿ. ಬಿಲ್ಲೆ ಅಲ್ಲಿ ಕೂರಲಿ. ಬರೆಯಲು ಹತ್ತು ಹನ್ನೆರಡು ಸಾಲು. ಬ್ರೌಸರು ತಾನಾಗಿ ಇದನ್ನು ಕೊಡುವುದಿಲ್ಲ. ಸ್ಕ್ರೀನ್ ರೀಡರುಗಳಿಗೆಂದು ಇದ್ದ ‘ಏರಿಯಾ-ಗ್ರ್ಯಾಬ್ಡ್’ ಗುಣವನ್ನೂ 2017ರ ಏರಿಯಾ 1.1 ಮಾನಕ ಬಳಕೆಯಿಂದ ಕೆಳಗಿಳಿಸಿತು, ಅದರ ಜಾಗಕ್ಕೆ ಇನ್ನೊಂದನ್ನು ತರಲಿಲ್ಲ. ‘ಕ’ ಎರಡನೇ ಮನೆಯಲ್ಲಿ ಕೂತಿತೆಂದು ಕಣ್ಣು ಕಾಣದವರಿಗೆ ತಿಳಿಸುವ ವಾಕ್ಯವನ್ನು ಇಂದಿಗೂ ಪುಟ ಬರೆಯುವವನೇ ಬರೆಯಬೇಕು.