ಯಾರೂ ಮಡಗದ ಮಾಡೆಲ್

ನನ್ನ ಪಿಎಚ್‌ಡಿ ವಿಷಯ ಪಾಠಾಂತರ. ಮಲೆ ಮಾದೇಶ್ವರ ಕಾವ್ಯದ ಒಂದೇ ಸಾಲನ್ನು ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಕಂಸಾಳೆಯವರು ಹೇಗೆ ಬೇರೆ ಬೇರೆಯಾಗಿ ಹಾಡುತ್ತಾರೆ ಎಂದು ಕೇಳಿಕೊಂಡು ತಿರುಗುವುದು ಕೆಲಸ. ಹಾಗೆ ತಿರುಗುವಾಗ ಒಂದು ದಿನ ಬೈಕಿನ ಕ್ಲಚ್ ಕೇಬಲ್ ಕಿತ್ತುಹೋಯಿತು. ಕೊಳ್ಳೇಗಾಲದ ಗ್ಯಾರೇಜಿನಲ್ಲಿ ಕೂತಿದ್ದಾಗ ಮೂಲೆಯಲ್ಲಿ ಡಬ್ಬದಂಥ ಚೌಕ ಮೂತಿಯ ಮಾರುತಿ 800 ಕಂಡಿತು.

‘ಅಣ್ಣ, ಇದು ಮೊದಲನೇ ಮಾಡೆಲ್ ಅಲ್ವಾ?’ ಎಂದೆ.

‘ಬಾಡಿ ಒಂದೇ ಸಾ ಮೊದ್ಲುದು. ಮಿಕ್ಕಿದ್ದೆಲ್ಲ ಆಮೇಲಿಂದು. ದಿನಾ ಓಡ್ಸ ಗಾಡಿಯ ಯಾರ್ ಸಾ ಹಂಗೇ ಮಡಿಕಂಡರು?’

ಈ ಮಾತು ನನ್ನ ಅಧ್ಯಾಯವೊಂದನ್ನು ಕೆಡಿಸಿತು.

ಅಪರೂಪ ಎಂಬ ಒಂದೇ ಪದದಲ್ಲಿ ನಾವು ಎರಡು ಬೇರೆ ಸಂಗತಿಗಳನ್ನು ತುಂಬಿಬಿಡುತ್ತೇವೆ. ತಯಾರಾದದ್ದೇ ಕಡಿಮೆ ಎಂಬುದು ಒಂದು. ತಯಾರಾದದ್ದು ಬೇಕಾದಷ್ಟು, ಉಳಿದದ್ದು ಮಾತ್ರ ಇಲ್ಲ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಉದಾಹರಣೆ ನಮ್ಮ ಬೆಂಗಳೂರಿನಲ್ಲೇ ಇದೆ. ಬಾದಲ್ ಎಂಬ ಮೂರು ಚಕ್ರದ ಕಾರು ಮಾಡಿದ ಸಿಪಾನಿ ಕಂಪನಿ 1980ರ ದಶಕದ ಆರಂಭದಲ್ಲಿ ಡಾಲ್ಫಿನ್ ತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಇದರ ಮೂಲ. 848 ಸಿಸಿ ಎಂಜಿನ್, ಫೈಬರ್ ಗ್ಲಾಸ್ ಬಾಡಿ, ತುಕ್ಕಿನ ಭಯವಿಲ್ಲ. ಆದರೆ ಬಾಗಿಲು ಎರಡೇ. ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಹೊರಟ ಸಂಸಾರ ಒಂದನ್ನು ಕಲ್ಪಿಸಿಕೊಳ್ಳಿ: ಮುಂದಿನ ಸೀಟು ಮಡಚಿ ಅಜ್ಜಿಯನ್ನು ಹಿಂದಕ್ಕೆ ತೂರಿಸಬೇಕು, ಬೆಟ್ಟ ಹತ್ತಿದ ಮೇಲೆ ಮತ್ತೆ ಎಳೆದುಕೊಳ್ಳಬೇಕು. ಕಂಪನಿ ಇನ್ನೆರಡು ಬಾಗಿಲು ಸೇರಿಸಿ ಮೊಂಟಾನಾ ತರುವ ಹೊತ್ತಿಗೆ, 1983ರ ಡಿಸೆಂಬರಿನಲ್ಲಿ ಬಂದಿದ್ದ ಮಾರುತಿ ಊರೂರು ಹೊಕ್ಕಿತ್ತು. ಇಂಥ ಅಪರೂಪವನ್ನು ವಿವರಿಸುವುದು ಸುಲಭ. ಒಂದೇ ಓಲೆಪ್ರತಿ ಸಿಕ್ಕಿರುವ ಕಾವ್ಯದ ಹಾಗೆ ಅದಕ್ಕೆ ತಾನಾಗಿಯೇ ಒಂದು ಗೌರವ ಬಂದುಬಿಡುತ್ತದೆ.

ಮೂಲೆಯಲ್ಲಿದ್ದ ಮಾರುತಿಯ ಕಥೆ ಬೇರೆ. 2014ರ ಆರಂಭದಲ್ಲಿ ತಯಾರಿಕೆ ನಿಲ್ಲುವವರೆಗೆ ಈ ದೇಶದಲ್ಲೇ 25 ಲಕ್ಷಕ್ಕೂ ಹೆಚ್ಚು ಮಾರಾಟವಾದ ಕಾರು ಅದು. ಅದರಲ್ಲಿ ಎಸ್‌ಎಸ್80 ಎಂದು ಕರೆಯುವ ಮೊದಲ ರೂಪ ಇದ್ದದ್ದು 1986ರವರೆಗೆ. ಆಮೇಲೆ ದುಂಡು ಮೂತಿಯ ರೂಪ ಬಂತು. ಹಳೆಯದಕ್ಕೆ ಪೆಟ್ಟು ಬಿದ್ದಾಗ ಮೆಕ್ಯಾನಿಕ್ ಏನು ಮಾಡಬೇಕು? ಕೈಗೆ ಸಿಗುವ ಹೊಸ ಸಾಮಾನು ಹಾಕುತ್ತಾನೆ. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥ ಸಂಪಾದನೆ’ ಓದಿದ ವಿದ್ಯಾರ್ಥಿಗಳಿಗೆ ಈ ಕೈಚಳಕದ ಪರಿಚಯವಿರುತ್ತದೆ. ಹಳಗನ್ನಡದ ರೂಪ ಅರ್ಥವಾಗದಿದ್ದರೆ ಲಿಪಿಕಾರ ತನ್ನ ಕಾಲದ ರೂಪ ಬರೆದು ಮುಂದೆ ಹೋಗುತ್ತಾನೆ. ಕೆಡಿಸಬೇಕೆಂದಲ್ಲ, ಓದುವಂತಿರಲಿ ಎಂದು. ಮಾರುತಿಯೂ ಓಡುವಂತಿರಲಿ ಎಂದೇ ಮೊದಲಿನಂತೆ ಉಳಿಯಲಿಲ್ಲ.

ಹಳೆ ಕಾರು ಕೂಡಿಡುವವರಿಗೆ ಇಂಥದ್ದು ಬೇಡ. ಅವರು ಹುಡುಕುವುದು ಒಬ್ಬರೇ ಮಾಲೀಕರ, ಹೆಚ್ಚು ಓಡದ, ಒಂದು ನಟ್ಟೂ ಬದಲಾಗದ ಗಾಡಿ. ಅಂದರೆ ಕಾರಾಗಿ ಅತಿ ಕಡಿಮೆ ಬದುಕಿದ ಕಾರು. ಫಿಯೆಟ್ ವಿಷಯದಲ್ಲಿ ಇದು ಇನ್ನೂ ವಿಚಿತ್ರ. (1974ರಿಂದ ಅದರ ಹೆಸರು ಪ್ರೀಮಿಯರ್ ಪದ್ಮಿನಿ, ನಮ್ಮ ಕಡೆ ಯಾರೂ ಹಾಗೆ ಕರೆದದ್ದು ನಾನು ಕೇಳಿಲ್ಲ.) ತೊಂಬತ್ತರ ದಶಕದಲ್ಲಿ ಕಂಪನಿಯೇ 137ಡಿ ಎಂಬ ಡೀಸೆಲ್ ಪದ್ಮಿನಿ ಮಾರಿತು. ಅದು ಈಗ ಅಪರೂಪದ ಮಾಡೆಲ್, ಅದಕ್ಕೆ ಬೆಲೆಯಿದೆ. ಆದರೆ ಪೆಟ್ರೋಲ್ ದುಡ್ಡು ಕೈಗೆ ಹತ್ತದೆ ಗ್ಯಾರೇಜಿನಲ್ಲೇ ಡೀಸೆಲ್ ಎಂಜಿನ್ ಕೂರಿಸಿಕೊಂಡ ಫಿಯೆಟ್ಟುಗಳೂ ಇದ್ದವು. ಅವು ಯಾವ ಕ್ಯಾಟಲಾಗಿನಲ್ಲೂ ಇಲ್ಲ. ಒಂದರಂತೆ ಇನ್ನೊಂದು ಇರಲಿಲ್ಲ. ನಮ್ಮ ಪರಿಭಾಷೆಯಲ್ಲಿ ಅವು ಪ್ರಕ್ಷಿಪ್ತ. ಸಂಪಾದಕ ಅಡಿಟಿಪ್ಪಣಿಗೆ ತಳ್ಳುವ ಭಾಗ. ನನಗಂತೂ 137ಡಿಗಿಂತ ಇವುಗಳ ಮೇಲೇ ಹೆಚ್ಚು ಕುತೂಹಲ. ಒಂದು ಕಾಲದ ಜನ ಕಾರಿನೊಡನೆ ಹೇಗೆ ಏಗಿದರು ಎಂಬುದು ಬರೆದಿರುವುದು ಈ ಕಸಿ ಎಂಜಿನ್ನುಗಳಲ್ಲಿ.

ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಯೂ ಪದ್ಮಿನಿಯೇ. ಒಂದು ಕಾಲಕ್ಕೆ ಸಾವಿರಾರು ಇದ್ದವು, ಸಿನಿಮಾಗಳಲ್ಲಿ ಹಿನ್ನೆಲೆಯಾಗಿ ಓಡಾಡಿದವು. 2023ರ ಅಕ್ಟೋಬರಿನಲ್ಲಿ ಕೊನೆಯದಕ್ಕೆ ಇಪ್ಪತ್ತು ವರ್ಷ ತುಂಬಿ ರಸ್ತೆ ಬಿಟ್ಟಾಗ, ಒಂದನ್ನಾದರೂ ಉಳಿಸಿ ಎಂದು ಕೂಗೆದ್ದಿತು. ಎದುರಿಗೇ ಓಡುತ್ತಿದ್ದಷ್ಟು ದಿನ ಅದು ಯಾರಿಗೂ ತೋಚಲಿಲ್ಲ.

ಬೇರೆಯವರನ್ನು ಆಡಿಕೊಳ್ಳುವುದು ಸುಲಭ. ಪಿ.ಕೆ. ರಾಜಶೇಖರ ಅವರ ಸಂಗ್ರಹ ಅಚ್ಚಾಗಿ ದಶಕಗಳೇ ಕಳೆದಿವೆ. ಹಾಗಾಗಿ ನನ್ನಂಥವರು ಕ್ಷೇತ್ರಕಾರ್ಯಕ್ಕೆ ಹೊರಟರೆ ಅಲ್ಲಿಲ್ಲದ ಹೊಸ ಪಾಠ ಸಿಗಬೇಕೆಂಬ ಆಸೆ. ಪ್ರಬಂಧಕ್ಕೆ ತೂಕ ಬರುವುದು ಅದರಿಂದಲೇ. ಎರಡು ವರ್ಷದ ಹಿಂದೆ ಹನೂರಿನಾಚೆಯ ಹಳ್ಳಿಯೊಂದರಲ್ಲಿ ಎಂಬತ್ತು ದಾಟಿದ ದೇವರಗುಡ್ಡರೊಬ್ಬರು ಬೇರೆಲ್ಲೂ ನಾನು ಕೇಳದ ಒಂದು ಸಾಲನ್ನು ಹಾಡಿದರು. ನಲವತ್ತು ನಿಮಿಷದ ರೆಕಾರ್ಡಿಂಗ್ ಹಿಡಿದು ಕುಣಿಯುತ್ತ ಬಂದೆ. ಮರುವರ್ಷ ಅವರು ತೀರಿಕೊಂಡರು.

ಗ್ಯಾರೇಜಿನಿಂದ ಬಂದ ರಾತ್ರಿ ಆ ರೆಕಾರ್ಡಿಂಗನ್ನು ಮೊದಲಿನಿಂದ ಹಾಕಿದೆ. ಅವರು ಶುರು ಮಾಡುವುದು ನನ್ನ ಅಪರೂಪದ ಸಾಲನ್ನಲ್ಲ. ಎಲ್ಲರೂ ಹಾಡುವ ಸಂಕಮ್ಮನ ಸಾಲನ್ನು, ಎಲ್ಲರಿಗಿಂತ ನಿಧಾನವಾಗಿ, ನಡುವೆ ಉಸಿರು ಹಿಡಿದು ಏನೋ ಮಾತು ಸೇರಿಸಿಕೊಂಡು ಎತ್ತಿಕೊಳ್ಳುತ್ತಾರೆ. ಎರಡು ನಿಮಿಷವೂ ಆಗಿರುವುದಿಲ್ಲ, ನನ್ನ ದನಿ ಅಡ್ಡ ಬರುತ್ತದೆ: ‘ತಾತ, ಅದು ಪುಸ್ತಕದಲ್ಲಿ ಐತೆ. ಬ್ಯಾರೇದು ಹೇಳಿ.’ ಕಂಸಾಳೆ ನಿಲ್ಲುತ್ತದೆ. ಅವರು ಕೆಮ್ಮುತ್ತಾರೆ, ನೀರು ಕೇಳುತ್ತಾರೆ.